ಬೆನ್ನು ಆರಿಸಿದ ಕಾರು

ಹೆಂಡತಿಗೆ ನಿದ್ದೆ ಹತ್ತಿತೆಂದು ಕಾರು ಕೊಳ್ಳಲು ಹೊರಟವನು ಹುಬ್ಬಳ್ಳಿ-ಧಾರವಾಡದಲ್ಲಿ ನಾನೊಬ್ಬನೇ ಇರಬೇಕು. ಜನ ಮೈಲೇಜು ನೋಡಿ ಕೊಳ್ಳುತ್ತಾರೆ, ಬಣ್ಣ ನೋಡಿ ಕೊಳ್ಳುತ್ತಾರೆ, ಎದುರು ಮನೆಯವರು ಕೊಂಡರೆಂದು ಹೊಟ್ಟೆಯುರಿಗೂ ಕೊಳ್ಳುತ್ತಾರೆ. ನಾನು ಮಾತ್ರ ಒಂದು ಮಧ್ಯಾಹ್ನ ಗಿರಿಜಾಳ ತಲೆ ಮೆಲ್ಲಗೆ ಕಿಟಕಿಯ ಕಡೆ ವಾಲಿದ್ದನ್ನು ಕಂಡು ಆ ನಿರ್ಧಾರಕ್ಕೆ ಬಂದೆ.

ಗಿರಿಜಾ ಪ್ರಾಥಮಿಕ ಶಾಲೆಯ ಟೀಚರು ಆಗಿದ್ದವಳು. ಕಲಘಟಗಿ ಕಡೆಯ ಒಂದು ಹಳ್ಳಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದಳು. ಆ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿದ ದಿನ ಆಕೆ ಹಳ್ಳಿಗೆ ಹೋಗುತ್ತಿದ್ದುದು ರಸ್ತೆಯ ಮೇಲಲ್ಲ, ಗಾಳಿಯಲ್ಲಿ. ಕೊನೆಗೆ ಅವಳ ಬೆನ್ನುಮೂಳೆ ಸಿಟ್ಟಾಯಿತು. ಎಲುಬುಗಳ ನಡುವಿನ ಮೆತ್ತೆ ಜಾರಿದೆ ಎಂದರು ಡಾಕ್ಟರು. ಶಸ್ತ್ರಚಿಕಿತ್ಸೆ ಆಯಿತು. ನಡೆದಾಡಲು, ನಿಲ್ಲಲು, ರೊಟ್ಟಿ ಬಡಿಯಲು ಅಡ್ಡಿಯಿಲ್ಲ. ಆದರೆ ಕುಲುಕಾಟ ಮಾತ್ರ ಆಗಬಾರದು ಎಂದು ಅಪ್ಪಣೆಯಾಯಿತು. ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡವರಿಗೆ ಕುಲುಕಾಟ ತಪ್ಪಿಸಿ ಎನ್ನುವುದೂ ಮೀನಿಗೆ ನೀರು ತಪ್ಪಿಸು ಎನ್ನುವುದೂ ಒಂದೇ. ನಮ್ಮಲ್ಲಿದ್ದ ಪುಟ್ಟ ಕಾರು ಬೆಂಗೇರಿಯ ನಮ್ಮ ಓಣಿ ದಾಟುವುದರೊಳಗೇ ಅವಳು ಎರಡೂ ಕೈಯಿಂದ ಸೀಟನ್ನು ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದಳು. ಹಾಗಾಗಿ ನೌಕರಿ ಬಿಟ್ಟಳು, ಆಮೇಲೆ ಪೇಟೆ ಬಿಟ್ಟಳು, ಆಮೇಲೆ ಮದುವೆ-ಮುಂಜಿ ಬಿಟ್ಟಳು. ಧಾರವಾಡದಾಚೆಯ ಅಮ್ಮಿನಬಾವಿಯಲ್ಲಿ ಅವಳ ತವರು. ಅಲ್ಲಿಗೆ ಹೋಗುವುದೂ ಕಡಿಮೆಯಾಗುತ್ತ ಆಗುತ್ತ ಫೋನಿಗೆ ಇಳಿಯಿತು.

ಇಷ್ಟಾದರೂ ಯಾರಾದರೂ "ಆರಾಮ ಅದೀರೇನ್ರಿ ಟೀಚರ್?" ಎಂದು ಕೇಳಿದರೆ ಅವಳ ಉತ್ತರ ಒಂದೇ: "ಆರಾಮ ನೋಡ್ರಿ."

ಆವತ್ತು ನನ್ನ ಸಹೋದ್ಯೋಗಿಯೊಬ್ಬರ ಮಗಳ ಮದುವೆ ಧಾರವಾಡದಲ್ಲಿ. ತಪ್ಪಿಸುವಂತಿರಲಿಲ್ಲ. ಹೋಗುವಾಗ ಗಿರಿಜಾ ಹಲ್ಲು ಕಚ್ಚಿಕೊಂಡೇ ಬಂದಳು. ಊಟವಾದ ಮೇಲೆ ಅವಳ ಮುಖ ನೋಡಿ ವರನ ಕಡೆಯ ಹಿರಿಯರೊಬ್ಬರು, ತಮ್ಮ ಕಾರು ಹುಬ್ಬಳ್ಳಿಗೇ ಹೊರಟಿದೆ, ಅದರಲ್ಲಿ ಬನ್ನಿ ಎಂದರು. ನಮ್ಮ ಕಾರನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು ನಾವು ಅದರಲ್ಲಿ ಹತ್ತಿದೆವು. ಹೊರದೇಶದ ಹೆಸರಿನ, ಉದ್ದನೆಯ, ಕಪ್ಪು ಕಾರು. ಹೆಸರು ಹೇಳಿದರೆ ಜಾಹೀರಾತಾದೀತು, ಬಿಡಿ. ಸತ್ತೂರು ದಾಟುವ ಹೊತ್ತಿಗೆ ಗಿರಿಜಾಳ ಕೈ ಸೀಟನ್ನು ಬಿಟ್ಟಿತು. ನವನಗರದ ಹತ್ತಿರ ಕಣ್ಣು ಮುಚ್ಚಿತು. ಉಣಕಲ್ಲಿನಲ್ಲಿ ಬಾಯಿ ತುಸು ತೆರೆದುಕೊಂಡಿತು. ವಾಹನದಲ್ಲಿ ನನ್ನ ಹೆಂಡತಿ ನಿದ್ದೆ ಮಾಡಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ! ಕಾರು ನಡೆಸುತ್ತಿದ್ದ ಆ ಹಿರಿಯರು ಏನೋ ರಾಜಕೀಯ ಮಾತಾಡುತ್ತಿದ್ದರು. ನಾನು ಮೆಲ್ಲಗೆ, "ತಪ್ಪು ತಿಳೀಬ್ಯಾಡ್ರಿ, ಸ್ವಲ್ಪ ಸಣ್ಣ ದನಿಲೆ ಮಾತಾಡೋಣ್ರಿ" ಎಂದೆ. ಅವರು ಕನ್ನಡಿಯಲ್ಲಿ ಹಿಂದೆ ನೋಡಿದರು, ನಕ್ಕರು, ಮನೆ ಬರುವವರೆಗೂ ಮಾತಾಡಲೇ ಇಲ್ಲ. ಅವರಿಗೆ ಪುಣ್ಯ ಬರಲಿ.

ಮನೆಯ ಮುಂದೆ ಎಚ್ಚರಗೊಂಡ ಗಿರಿಜಾ ಸುತ್ತ ನೋಡಿ, "ಮನಿ ಬಂತೇನ್ರಿ? ಇಷ್ಟ ಲಗೂ?" ಎಂದಳು.

ಅಷ್ಟೇ. ನನ್ನ ತಲೆಯಲ್ಲಿ ಕಾರು ಹೊಕ್ಕಿತು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮಾಸ್ತರ. ಅರಸರ ವೈಭವವನ್ನು ಗಂಟೆಗಟ್ಟಲೆ ವರ್ಣಿಸಬಲ್ಲೆ, ಒಂದು ಸಂಬಳದಲ್ಲಿ ತಿಂಗಳು ದಾಟಿಸುವ ಕಲೆಯೂ ಗೊತ್ತು. ಎರಡನ್ನೂ ಕೂಡಿಸಲು ಮಾತ್ರ ಬರುವುದಿಲ್ಲ. ಮನೆಯ ಮೇಲೊಂದು ಕೋಣೆ ಎತ್ತೋಣವೆಂದು ಇಟ್ಟ ಹಣವಿತ್ತು. ಅದಕ್ಕೆ ಪುಟ್ಟ ಕಾರು ಮಾರಿದ್ದನ್ನು ಸೇರಿಸಿದರೆ ಹೊಸ ಸಣ್ಣ ಕಾರೊಂದು ಬರುತ್ತಿತ್ತು. ಅಥವಾ, ಯಾರೋ ಹತ್ತಾರು ವರ್ಷ ಮೆರೆದು ಇಳಿದ ಹಳೆಯ ದೊಡ್ಡ ಕಾರು. ವಿಷಯ ಕೇಳಿದ್ದೇ ಗಿರಿಜಾ ಗಾಬರಿಯಾದಳು.

"ನಮಗ್ಯಾಕ್ರಿ ಅಂಥಾ ಸಾವಕಾರ್ರ ಗಾಡಿ? ಮಂದಿ ಏನಂದಾರು?"

"ಮಂದಿ ಬೆನ್ನು ನೋಯಾಂಗಿಲ್ಲಲ್ಲ, ಅವರು ಏನರ ಅನ್ಲಿ."

"ಮ್ಯಾಲಿನ ಕ್ವಾಣಿ?"

"ಮ್ಯಾಲ ಹತ್ತಾವರು ಯಾರು? ನಿನಗ ಮೆಟ್ಟಲಾ ಹತ್ತಾಕ ಬರಾಂಗಿಲ್ಲ, ನನಗ ನಿನ್ನ ಬಿಟ್ಟು ಹತ್ತಾಕ ಮನಸ್ಸಿಲ್ಲ."

ಇದು ನಾನು ಯೋಚಿಸಿ ಆಡಿದ ಮಾತಲ್ಲ. ಯೋಚಿಸಿದ್ದರೆ ನನಗೆ ಇಷ್ಟು ಚೆಂದದ ಮಾತು ಬರುವುದಿಲ್ಲ. ಅವಳು ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ನಮ್ಮ ಮನೆಯಲ್ಲಿ ಅದೇ ಒಪ್ಪಿಗೆಯ ಸಹಿ.

ಐಷಾರಾಮಿ ಕಾರು ಎನ್ನುತ್ತಾರಲ್ಲ, ಆ ಪದವನ್ನೇ ಸ್ವಲ್ಪ ಬಿಡಿಸಿ ನೋಡಿ. ಐಷ್ ಒಂದು, ಆರಾಮ್ ಇನ್ನೊಂದು. ಪಾರಸಿಯಿಂದ ಜೋಡಿಯಾಗಿ ನಡೆದು ಬಂದ ಪದಗಳು. ಐಷ್ ಎಂದರೆ ಭೋಗ, ಮೆರೆದಾಟ. ಆರಾಮ್ ಎಂದರೆ ನಮ್ಮ ಕಡೆ ದಿನಕ್ಕೆ ಹತ್ತು ಸಲ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಮಾತು. ನನಗೆ ಬೇಕಾಗಿದ್ದದ್ದು ಆ ಪದದ ಉತ್ತರಾರ್ಧ ಮಾತ್ರ. ಆದರೆ ಅಂಗಡಿಯಲ್ಲಿ ಅರ್ಧ ಪದ ಮಾರುವುದಿಲ್ಲ. ಆರಾಮಕ್ಕೆ ಹೊಳೆಯುವ ಜಾಲರಿ, ಗಾಲಿಗೆ ಬೆಳ್ಳಿಯ ಹೂವು ಎಲ್ಲ ಹಚ್ಚಿಯೇ ಕೊಡುತ್ತಾರೆ. ಹಿಂದಿನ ಕಾಲದ ಮೇಣೆ ಮೇಲು. ಅದಕ್ಕೆ ಗಾಲಿಯೇ ಇಲ್ಲ, ಹೊರುವವರ ಭುಜಗಳೇ ಅದರ ಸ್ಪ್ರಿಂಗು. ಮೇಣೆಯಲ್ಲಿ ಕೂತವರಿಗೆ ಎಷ್ಟು ಸುಖವಿತ್ತೋ, ಅಷ್ಟೇ ನೋವು ಇನ್ಯಾರದೋ ಹೆಗಲಿನಲ್ಲಿ ಇತ್ತು ಎಂದು ಮಕ್ಕಳಿಗೆ ಪಾಠ ಹೇಳುವಾಗ ನಾನು ಗಂಭೀರನಾಗುತ್ತೇನೆ. ಸ್ಪ್ರಿಂಗು ಕಂಡುಹಿಡಿದವನು ಯಾರೋ ಗೊತ್ತಿಲ್ಲ. ಯಾರಾದರೂ ಇರಲಿ, ಅವನ ಮನೆಯಲ್ಲೊಬ್ಬಳು ಬೆನ್ನುನೋವಿನವಳು ಇದ್ದಿರಬೇಕು.

ಕಾರಿನ ವಿಷಯದಲ್ಲಿ ನನ್ನ ಗುರು ಶಿವಾನಂದ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರ. ಲೋಕದ ಎಲ್ಲ ಕಾರುಗಳ ಜಾತಕ ಅವನಿಗೆ ಬಾಯಿಪಾಠ. ಸ್ವಂತಕ್ಕೆ ಇರುವುದೊಂದು ಹಳೆಯ ಸ್ಕೂಟರು, ಅದೂ ಒದ್ದರೆ ಮಾತ್ರ ಏಳುವಂಥದ್ದು. ಸುದ್ದಿ ಕೇಳಿ ಅವನು ಕೈ ಮುಗಿದ.

"ಸರ್, ಹಳೇ ದೊಡ್ಡ ಗಾಡಿ ಅಂದ್ರ ಸತ್ತ ರಾಜಾನ ಆನಿ ಇದ್ದಂಗ. ಸಸ್ತಾದಾಗ ಸಿಗತೈತಿ. ಮ್ಯಾಲ ದಿನಾ ಕಬ್ಬು ಹಾಕಾವರು ಯಾರು?"

ಆಮೇಲೆ ಅವನೇ ಕಬ್ಬು ಕಡಿಮೆ ತಿನ್ನುವ ಆನೆ ಯಾವುದೆಂದು ಹೇಳಿಕೊಟ್ಟ. ಸ್ಪ್ರಿಂಗಿನ ಬದಲು ಗಾಳಿಚೀಲದ ಮೇಲೆ ಕೂತ ಕಾರು ಬೇಡ, ಅದು ಮಂಚದಂತೆ ಮೆತ್ತಗಿದ್ದರೂ ಚೀಲ ಒಡೆದ ದಿನ ರಿಪೇರಿಗೆ ಮೇಲಿನ ಕೋಣೆಯಷ್ಟೇ ಅಲ್ಲ ಅಡಿಗೆಮನೆಯೂ ಹೋಗುತ್ತದೆ. ಸಾದಾ ಕಬ್ಬಿಣದ ಸ್ಪ್ರಿಂಗಿನದು ನೋಡಬೇಕು. ಬಹಳ ಜನ ಕೊಂಡ ಮಾದರಿಯೇ ಆಗಿರಬೇಕು, ಬಿಡಿಭಾಗ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಸಿಗಬೇಕು. ಎಂಜಿನ್ನು ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು, ಮಾರುವವನು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಬೇಕು. ಕೆಳಗಿನ ಚಾಪೆ ಎತ್ತಿ ಮೂಸಬೇಕು. ಓಡಿದ ಕಿಲೋಮೀಟರು ತೋರಿಸುವ ಅಂಕಿಯನ್ನು ನಂಬಬಾರದು. ಅದನ್ನು ತಿರುವಿ ಕಡಿಮೆ ಮಾಡಬಹುದು, ಆದರೆ ಬ್ರೇಕಿನ ಪೆಡಲು ಸವೆದಿದ್ದನ್ನು ಯಾರೂ ತಿರುವಲಾರರು. ಕೊಳ್ಳುವ ಹಣದಲ್ಲಿ ಒಂದು ಪಾಲನ್ನು ರಿಪೇರಿಗೆ ಎಂದು ಮೊದಲೇ ತೆಗೆದಿಟ್ಟು, ಉಳಿದದ್ದೇ ನನ್ನ ಹಣ ಎಂದು ತಿಳಿಯಬೇಕು.

ಇದೆಲ್ಲದರ ಮೇಲೆ ನಮ್ಮದೊಂದು ಪರೀಕ್ಷೆ ಇತ್ತು. ಮಡಿಚಿದ ಕೌದಿಯೊಂದನ್ನು ಬೆನ್ನಿಗಿಟ್ಟುಕೊಂಡು ಗಿರಿಜಾ ಹಿಂದೆ ಕೂತುಕೊಳ್ಳಬೇಕು, ನಾನು ಒಂದು ಸುತ್ತು ಹಾಕಬೇಕು, ಅವಳು ತೂಕಡಿಸಬೇಕು.

ಮೊದಲು ಗೋಕುಲ ರಸ್ತೆಯ ಕಡೆಯ ಒಬ್ಬ ದಲಾಲಿ ಒಂದು ಕೆಂಪು ಕಾರು ತೋರಿಸಿದ. "ಲೇಡಿ ಡಾಕ್ಟರ್ ಒಬ್ರು ಓಡಿಸಿದ್ದ ಗಾಡಿರಿ ಸರ್. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ." ಆ ಅಂಗಳದಲ್ಲಿದ್ದ ಕಾರುಗಳೆಲ್ಲವೂ ಲೇಡಿ ಡಾಕ್ಟರರವೇ ಎಂದು ಆಮೇಲೆ ತಿಳಿಯಿತು. ಅಷ್ಟು ವೈದ್ಯರಿರುವ ಊರಿನಲ್ಲಿ ನಮಗೆ ಯಾಕೆ ಚೀಟಿ ಮಾಡಿಸಿ ಕಾಯಬೇಕಾಗುತ್ತದೋ! ಕಾರಿನೊಳಗೆ ಅತ್ತರಿನ ಘಮಘಮ. ಶಿವಾನಂದ ಚಾಪೆ ಎತ್ತಿದ. ಕೆಳಗೆ ಕೆನೆಗಟ್ಟಿದ ಮಣ್ಣು. ಯಾವುದೋ ಊರಿನ ನೆರೆಯಲ್ಲಿ ಮುಳುಗಿ ಎದ್ದ ಕಾರು ಅದು. ದಲಾಲಿ ಒಂಚೂರೂ ಅಳುಕದೆ, "ಡಾಕ್ಟರ್ ಮೇಡಮ್‌ಗ ಗಿಡದ ಹುಚ್ಚು ಇತ್ತರಿ, ಹೂವಿನ ಕುಂಡ ಒಯ್ಯತಿದ್ರು" ಎಂದ. ಇಂಥ ಪ್ರತಿಭೆ ನಮ್ಮ ನಾಟಕದ ಕಂಪನಿಗಳಿಗೆ ದಕ್ಕದೆ ಹೋಯಿತಲ್ಲ ಎಂದು ನಾನು ಮರುಗಿದೆ.

ಎರಡನೆಯದನ್ನು ನೆನೆದರೆ ಈಗಲೂ ನನ್ನ ಕಾಲು ಬ್ರೇಕು ಹುಡುಕುತ್ತದೆ. ನೋಡಲು ಚಿರತೆಯಂತಿತ್ತು. ಎಂಜಿನ್ನು ಚೊಕ್ಕ, ಚಾಪೆ ಚೊಕ್ಕ, ಶಿವಾನಂದನೂ ತಲೆದೂಗಿದ. ಯಾರಿಗೂ ಹೊಳೆಯದಿದ್ದದ್ದು ಒಂದೇ: ದೊಡ್ಡ ಹೆಸರಿನ ಕಾರುಗಳಲ್ಲೂ ಓಡುವುದಕ್ಕೆ ಮಾಡಿದವು ಬೇರೆ, ಕೂಡುವುದಕ್ಕೆ ಮಾಡಿದವು ಬೇರೆ. ಅದರ ಟೈರು ರೊಟ್ಟಿಯಷ್ಟು ತೆಳು, ಸ್ಪ್ರಿಂಗು ಕಲ್ಲಿನಷ್ಟು ಗಟ್ಟಿ. ವಿದ್ಯಾನಗರದ ಒಳರಸ್ತೆಯೊಂದರಲ್ಲಿ ಬಣ್ಣ ಬಳಿಯದ ವೇಗತಡೆಯೊಂದು ನನಗೆ ಕಾಣಲಿಲ್ಲ. ಕಾರು ಎದ್ದು ಬಿತ್ತು. ಹಿಂದಿನಿಂದ "ಅವ್ವಾ" ಎಂಬ ಒಂದು ಸಣ್ಣ ಸದ್ದು ಬಂತು. ಅಷ್ಟೇ. ಗಿರಿಜಾ ಕೂಗಿದವಳಲ್ಲ, ಬೈದವಳಲ್ಲ. ಮನೆಗೆ ಬಂದು ಚಾಪೆಯ ಮೇಲೆ ಅಂಗಾತ ಮಲಗಿದವಳು ಹಲವು ದಿನ ಏಳಲಿಲ್ಲ.

ನಾನು ಅಡಿಗೆ ಮಾಡಿದೆ. ಅನ್ನ ಕೆಳಗೆ ಹತ್ತಿತು, ಸಾರು ಮೇಲೆ ಉಕ್ಕಿತು. ತಟ್ಟೆ ಅವಳ ಪಕ್ಕಕ್ಕಿಟ್ಟು, "ಕಾರಿನ ಮಾತು ಇಲ್ಲಿಗೇ ಬಿಟ್ಟೆ ನೋಡು. ನನ್ನ ಹುಚ್ಚಿಗೆ ನಿನ್ನ ಬೆನ್ನು ಬಲಿ ಕೊಡಾಂಗಿಲ್ಲ" ಎಂದೆ. ಅವಳು ಸೂರು ನೋಡುತ್ತ ಮಲಗಿದ್ದಳು.

"ಉಣಕಲ್ ಕೆರಿ ದಂಡಿಗೆ ಏನ್ ಚೆಂದ ಹಸರಾಗೈತಿ ಅಲ್ರಿ" ಎಂದಳು.

"ಯಾವಾಗ ನೋಡಿದಿ?"

"ಅವತ್ತ, ಆ ಗಾಡಿ ಎದ್ದು ಬೀಳೂದಕ್ಕ ಮೊದಲ. ಎಷ್ಟು ಹೊಸಾ ಅಂಗಡಿ ಆಗ್ಯಾವು ದಾರ್ಯಾಗ! ನಾ ಒಂದೂ ನೋಡಿಲ್ಲ." ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂದ ನೋಡೋಣ್ರಿ. ಬೆನ್ನು ಮನ್ಯಾಗ ಕುಂತ್ರೂ ನೋಯತೈತಿ. ಒಳಗ ಕುಂತು ನೋಯಿಸಿಕೊಳ್ಳೋದಕ್ಕಿಂತ ಊರ ನೋಡಕೋತ ನೋಯಲಿ" ಎಂದಳು.

ಅಲ್ಲಿಯವರೆಗೆ ಕಾರು ನನ್ನ ಹಟವಾಗಿತ್ತು. ಆ ಮಾತಿನಿಂದ ಅವಳದಾಯಿತು.

ಮೂರನೆಯದು ಕಮರಿಪೇಟೆಯಲ್ಲಿ ಸಿಕ್ಕಿತು. ಕಮರಿಪೇಟೆಯ ಆ ಓಣಿಗಳಲ್ಲಿ ಎದುರಿನಿಂದ ಹಸು ಬಂದರೆ ನಾವು ಯಾರದಾದರೂ ಮನೆಯ ಕಟ್ಟೆ ಹತ್ತಬೇಕು. ಅಂಥಲ್ಲಿ ಇಷ್ಟುದ್ದದ ಕಾರು ಹೇಗೆ ಎಂದು ನನಗೆ ಸೋಜಿಗ. ಮಾಲಕರ ಮನೆ ಅಲ್ಲಿ, ಕಾರು ಇದ್ದದ್ದು ಊರ ಹೊರಗಿನ ಅವರ ಹತ್ತಿ ಗೋದಾಮಿನಲ್ಲಿ. ಮಾಲಕರು ಗುರುಸಿದ್ದಪ್ಪ ಸಾವಕಾರರು, ಹತ್ತಿಯ ವ್ಯಾಪಾರ ಮಾಡಿ ಮುಪ್ಪಾದವರು. ಬಿಳಿ ಧೋತರ, ತಲೆಗೆ ಟೊಪ್ಪಿಗೆ, ಹಣೆಗೆ ವಿಭೂತಿ. ಗೋದಾಮಿನಲ್ಲಿ ಈಗ ಹತ್ತಿಯಿಲ್ಲ. ನಡುವೆ ಬೂದು ಬಣ್ಣದ ಕಾರೊಂದೇ ದೇವರಂತೆ ನಿಂತಿತ್ತು.

ಹೊರಡುವ ಮುಂಚೆ ಅಮ್ಮಿನಬಾವಿಯಿಂದ ನನ್ನ ಅತ್ತೆ ಫೋನಿನಲ್ಲಿ ಒಂದು ಮಾತು ಹೇಳಿದ್ದರು. "ಎತ್ತು ಕೊಳ್ಳಾಕ ಹೋದ್ರ ನಮ್ಮವರು ಹಲ್ಲು ಆಮ್ಯಾಲ ನೋಡತಿದ್ರು. ಮೊದಲ, ಯಾಕ ಮಾರಾಕತ್ತಿಪಾ ಅಂತ ಕೇಳತಿದ್ರು. ಅದನ್ನ ಕೇಳ್ರಿ ಅಳಿಯಂದ್ರ." ಹಾಗಾಗಿ ನಾನು ಕೇಳಿದೆ.

ಸಾವಕಾರರು ಕಾರಿನ ಕಡೆ ಮುಖ ಮಾಡಿಯೇ ಹೇಳಿದರು. "ಕಣ್ಣಿನ ನರ ಒಣಗಾಕತ್ತಾವ್ರಿ ಮಾಸ್ತರ. ಎದುರಿನ ಗಾಡಿ ಕಾಣತೈತಿ, ಬಾಜೂಕ ಬಂದದ್ದು ಕಾಣಂಗಿಲ್ಲ. ಮಕ್ಕಳು ಡ್ರಾಯವರ್ ಇಡ್ತೀವಿ ಅಂತಾರ. ಹೆಂಡ್ತಿನ್ನ ಇನ್ನೊಬ್ಬರ ಕಡಿಂದ ಮಾತಾಡಸಿದಂಗ ಆಗತೈತಿ ಅದು. ಬ್ಯಾಡ ಅಂದೆ."

ಆಮೇಲೆ ಅವರು ಮಾಡಿದ್ದನ್ನು ನಾನು ಈವರೆಗೆ ಯಾವ ವ್ಯಾಪಾರದಲ್ಲೂ ಕಂಡಿಲ್ಲ. ಗೋಡೆ ಹಿಡಿದು ನಡೆಯುವವರಂತೆ ಕಾರನ್ನು ಕೈಯಿಂದ ಸವರುತ್ತ ಸುತ್ತು ಬಂದರು, ಬರುತ್ತ ಬರುತ್ತ ಅದರ ದೋಷಗಳನ್ನೆಲ್ಲ ತಾವೇ ಹೇಳುತ್ತ ಹೋದರು. ಹಿಂದಿನ ಎಡಗಡೆಯ ಕಿಟಕಿ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆ ಬಡಿಯಬಾರದು. ಏರುಬಿಸಿಲಿನಲ್ಲಿ ಎ.ಸಿ. ಮುನಿಸಿಕೊಳ್ಳುತ್ತದೆ, ಆರಿಸಿ ಸ್ವಲ್ಪ ತಡೆದು ಹಚ್ಚಿದರೆ ಮತ್ತೆ ಬರುತ್ತದೆ. ಎಂಜಿನ್ನಿನ ಒಂದು ಮೂಲೆಯಿಂದ ಎಣ್ಣೆ ಬೆವರುತ್ತದೆ, ಎರಡು ಸಲ ರಿಪೇರಿ ಮಾಡಿಸಿದ್ದಾರೆ, ಮೂರನೆಯ ಸಲವೂ ಬೆವರೀತು. "ಮಳಿಗಾಲದಾಗ ಇಲ್ಲೊಂದು ಹಳದಿ ದೀಪ ಹತ್ತತೈತ್ರಿ. ಅಂಜಬ್ಯಾಡ್ರಿ, ಬಿಸಲು ಬಿದ್ದಿಂದ ತಾನ ಆರತೈತಿ. ಕೆಂಪು ದೀಪ ಹತ್ತಿದ್ರ ಮಾತ್ರ ನಿಂದರ್ರಿ." ಬಾಗಿಲಿನ ಒಂದು ಗೀರಿನ ಮೇಲೆ ಬೆರಳಿಟ್ಟು, "ಇದು ನಮ್ಮ ಮೊಮ್ಮಗಳು ಅಕ್ಷರ ಕಲತ ಹೊಸ್ತಾಗ ಬರದದ್ದು. ಇದನ್ನ ತಗಸಬೇಕಂದ್ರ ತಗಸ್ರಿ. ನಮಗ ತಗಸಾಕ ಆಗಲಿಲ್ಲ" ಎಂದರು. ಬಗ್ಗಿ ನೋಡಿದೆ. ವಕ್ರವಾದ ಒಂದು 'ಅ'.

ಶಿವಾನಂದನಿಗೆ ಕೆಲಸವೇ ಉಳಿಯಲಿಲ್ಲ. ಆದರೂ ಕಾರನ್ನು ಪರಿಚಯದ ಗ್ಯಾರೇಜಿಗೆ ಒಯ್ದು ಮೇಲೆತ್ತಿಸಿ ಕೆಳಗೆಲ್ಲ ನೋಡಿಸಿದ. ಸಾವಕಾರರು ಹೇಳಿದ ದೋಷಗಳಷ್ಟೇ ಇದ್ದವು, ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ನನಗನ್ನಿಸಿದ್ದು ಇಷ್ಟು. ನಂಬಬಹುದಾದ ಕಾರು ಎಂದರೆ ಕೆಡದ ಕಾರು ಎಂದು ನಾನು ತಿಳಿದಿದ್ದೆ. ಕೆಡದಿರುವುದು ಅಂಗಡಿಯ ಗಾಜಿನೊಳಗೆ ನಿಂತದ್ದು ಮಾತ್ರ. ಓಡಿದ್ದು ಕೆಡಲೇಬೇಕು. ಅದು ಎಲ್ಲಿ ಕೆಡುತ್ತದೆ, ಕೆಟ್ಟಾಗ ಏನು ಮಾಡಬೇಕು ಎಂದು ಗೊತ್ತಿದ್ದರೆ ಅದನ್ನು ನಂಬಬಹುದು. ಮನುಷ್ಯರ ವಿಷಯದಲ್ಲೂ ನಾವು ಹೀಗೇ ಅಲ್ಲವೇ? ನನ್ನ ಮದುವೆಯ ಹೊಸದರಲ್ಲಿ ಯಾರಾದರೂ ಹಿರಿಯರು ಗಿರಿಜಾಳನ್ನು ಕರೆದು, ತಂಗಿ, ಇವನಿಗೆ ಹಸಿದಾಗ ಹಳದಿ ದೀಪ ಹತ್ತುತ್ತದೆ, ಉಂಡ ಮೇಲೆ ತಾನೇ ಆರುತ್ತದೆ ಎಂದು ಹೇಳಿದ್ದರೆ ಅವಳಿಗೆ ಎಷ್ಟು ಅಳು ತಪ್ಪುತ್ತಿತ್ತೋ!

ಆದರೆ ಬೆನ್ನು ಇನ್ನೂ ಒಪ್ಪಿರಲಿಲ್ಲ. ಕೌದಿ ಇಟ್ಟುಕೊಂಡು ಗಿರಿಜಾ ಹಿಂದೆ ಕೂತಳು, ಪಕ್ಕದಲ್ಲಿ ಸಾವಕಾರರು. ನಾನು ತುದಿಗಾಲಿನ ಮೇಲೆ ನಡೆಯುವವನಂತೆ ಕಾರು ನಡೆಸಿದೆ. ಕನ್ನಡಿಯಲ್ಲಿ ನೋಡಿದರೆ ಅವಳು ಮಲಗುವ ಲಕ್ಷಣವೇ ಇಲ್ಲ. ಅಮ್ಮಿನಬಾವಿ ಎಂದು ಕೇಳಿದ್ದೇ ಸಾವಕಾರರು ಅಲ್ಲಿಯ ಎರೆಭೂಮಿಯ ಹತ್ತಿಯನ್ನು ಹೊಗಳಲು ತೊಡಗಿದ್ದರು. ಅವಳು ಸಣ್ಣವಳಿದ್ದಾಗ ಹತ್ತಿ ಬಿಡಿಸಿದ್ದು, ಮಡಿಲಲ್ಲಿ ತುಂಬಿಕೊಂಡು ಓಡಿದ್ದು ಎಲ್ಲ ಹೇಳತೊಡಗಿದಳು. ರಸ್ತೆ ಕೆಟ್ಟಿತು, ಸುಧಾರಿಸಿತು, ಮತ್ತೆ ಕೆಟ್ಟಿತು. ಅವರ ಮಾತು ಮಾತ್ರ ನಿಲ್ಲಲಿಲ್ಲ. ನನಗೆ ಒಳಗೊಳಗೇ ಕಳವಳ. ನಿದ್ದೆ ಬರಲಿಲ್ಲವೆಂದರೆ ಇದೂ ಹೋದಂತೆಯೇ. ಗೋದಾಮಿಗೆ ಮರಳಿ ಕಾರು ನಿಲ್ಲಿಸಿ, "ನೋವಾತೇನು?" ಎಂದೆ.

ಗಿರಿಜಾ ಒಂದು ಕ್ಷಣ ಕೇಳಿದ್ದು ಅರ್ಥವಾಗದವಳಂತೆ ನೋಡಿದಳು. "ಅಯ್ಯ, ಬೆನ್ನು ಇರೋದ ಮರ್ತಿದ್ದೆ ನೋಡ್ರಿ" ಎಂದಳು.

ಸಾವಕಾರರು ಬೆಲೆಯಲ್ಲಿ ಒಂದು ಕಾಸೂ ಬಿಡಲಿಲ್ಲ. ಕಣ್ಣು ಒದ್ದೆಯಾಗಿದ್ದಾಗಲೂ ಬಿಡಲಿಲ್ಲ. ಅದೂ ನನಗೆ ಸರಿಯೆನಿಸಿತು. ಕರುಣೆಗೆ ಕೊಟ್ಟ ಕಾರಿನಲ್ಲಿ ಕೂತು ಯಾರಿಗೆ ಬೆನ್ನು ನೆಟ್ಟಗಾದೀತು? ಕೀಲಿಕೈ ಕೊಡುವಾಗ ಅವರು ಕಾರಿನ ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಎಂಜಿನ್ನಿನ ಬಿಸಿ ಆರುವವರೆಗೂ ನಿಂತಿದ್ದರು. ಗಿರಿಜಾ ಹತ್ತಿರ ಹೋಗಿ, "ಕಾಕಾರ, ಆ 'ಅ' ನಾವೂ ತಗಸಂಗಿಲ್ರಿ" ಎಂದಳು. ಅವರು ತಲೆಯಾಡಿಸಿದರು.

ಕಾರು ಬಂದ ಮೇಲೆ ಬೆಂಗೇರಿಯಲ್ಲಿ ನಮ್ಮ ವರ್ಚಸ್ಸು ಏರಿ, ಬಾಳ್ವೆ ಸ್ವಲ್ಪ ದುಬಾರಿಯಾಯಿತು. ಓಣಿಯವರು ನನಗೆ ಹೊಲ ಮಾರಿದ ಹಣ ಬಂತೆಂದು ಒಂದು ವಾರ, ಲಾಟರಿ ಹತ್ತಿತೆಂದು ಇನ್ನೊಂದು ವಾರ ನಂಬಿದರು. ಸಂತೆಯಲ್ಲಿ ಕಾರಿನಿಂದ ಇಳಿದದ್ದು ನೋಡಿದ ಮುದುಕಿ ಬದನೆಕಾಯಿಯ ದರ ಕಣ್ಣೆದುರೇ ಏರಿಸಿದಳು. ಅಂದಿನಿಂದ ಕಾರನ್ನು ಎರಡು ಓಣಿ ಆಚೆ ನಿಲ್ಲಿಸಿ, ಕೈಚೀಲ ಹಿಡಿದು ಬಡವರಂತೆ ನಡೆದು ಹೋಗುತ್ತೇವೆ. ದೂರದ ಸಂಬಂಧಿಯೊಬ್ಬರು ಮಗನ ಮದುವೆಯ ಮೆರವಣಿಗೆಗೆ ಕೇಳಿದರು. ಕೊಟ್ಟೆವು. ಕಾರಿಗೆ ಹಚ್ಚಿದ ಹೂವಿನ ಅಂಟು ತೆಗೆಯಲು ನನಗೆ ಒಂದು ಭಾನುವಾರ ಹಿಡಿಯಿತು. ಮೊದಲ ಮಳೆಗೆ ಹಳದಿ ದೀಪ ಹತ್ತಿತು. ನಾನು ಕಾರನ್ನು ಬದಿಗೆ ಹಾಕಿ ನಿಲ್ಲಿಸಿಯೇ ಬಿಟ್ಟೆ. ಗಿರಿಜಾ ಮಾತ್ರ ಹಳೆಯ ಪರಿಚಯದವರನ್ನು ಕಂಡಂತೆ, "ಬಂದ್ರು ನೋಡ್ರಿ" ಎಂದಳು.

ಅವಳು ಹೋಗಬಯಸಿದ ಜಾಗಗಳೂ ಎಂಥವು! ನಾನು ಗೋವಾ, ಗೋಕರ್ಣ ಎಂದೆಲ್ಲ ಮನಸ್ಸಿನಲ್ಲೇ ನಕಾಶೆ ಬರೆದಿದ್ದೆ. ಅವಳಿಗೆ ಬೇಕಾದದ್ದು ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ತಾನೇ ಕೈಯಾಡಿಸಿ ಆರಿಸಿದ ಮೆಂತ್ಯದ ಸೊಪ್ಪು. ಬಳೆಯಂಗಡಿಯಲ್ಲಿ ಒಂದು ಗಂಟೆ ಕೂತು ಏನೂ ಕೊಳ್ಳದೆ ಎದ್ದು ಬರುವ ಸುಖ. ಮತ್ತೊಂದು ದಿನ ತಾನು ಪಾಠ ಹೇಳಿದ ಆ ಹಳ್ಳಿಯ ಶಾಲೆ. ಅಲ್ಲಿ ತಾನು ನೆಟ್ಟ ಬೇವಿನ ಗಿಡದ ನೆರಳಿನಲ್ಲಿ ನಿಂತು, "ನನಗಿಂತ ಎತ್ತರ ಆಗೇತಿ" ಎಂದಳು, ಅಷ್ಟೇ, ಹೊರಡೋಣ ಎಂದಳು.

ಹೀಗಿರುವಾಗ ಒಂದು ಸಂಜೆ ನಾನು ಔಷಧದಂಗಡಿಗೆ ಇಳಿದು ಮರಳಿ ಬಂದರೆ ಗಿರಿಜಾ ನನ್ನ ಸೀಟಿನಲ್ಲಿ ಕೂತಿದ್ದಾಳೆ. ಚಾಲಕನ ಸೀಟಿನ ಬದಿಯಲ್ಲಿ ಒಂದಿಷ್ಟು ಗುಂಡಿಗಳಿವೆ. ನಾನು ಹಾಳಾದೀತೆಂದು ಮುಟ್ಟಿರಲಿಲ್ಲ. ಅವಳು ಒಂದೊಂದನ್ನೇ ಒತ್ತಿ ನೋಡಿದ್ದಾಳೆ. ಸೀಟು ಏರಿದೆ, ಬಾಗಿದೆ, ಸೊಂಟದ ಹಿಂದೆ ಒಳಗಿನಿಂದ ಏನೋ ಉಬ್ಬಿ ಅಂಗೈಯಂತೆ ಒತ್ತಿ ಹಿಡಿದಿದೆ. ಬೇರೆ ಯಾವ ಸೀಟಿಗೂ ಆ ವ್ಯವಸ್ಥೆಯಿಲ್ಲ.

"ರೀ, ಇಡೀ ಗಾಡ್ಯಾಗ ಛಲೋ ಕುರ್ಚಿ ಇದ ಐತಿ. ಇಷ್ಟ ದಿನಾ ನೀವ ಕುಂತಿದ್ರಿ!"

"ಅದರಾಗ ಕುಂತಾವರು ಗಾಡಿ ಹೊಡೀಬೇಕಲ್ಲವಾ" ಎಂದೆ ನಗುತ್ತ.

ಅವಳು ನಗಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು, "ಮತ್ತ ಕಲಸ್ರಿ" ಎಂದಳು.

ನೌಕರಿ, ಪೇಟೆ, ತವರು ಎಂದು ಒಂದೊಂದೇ ಬಿಟ್ಟು ಕೂತವಳು ಐವತ್ತರ ಹತ್ತಿರ ಬಂದು ಹೀಗೆನ್ನಬೇಕಾದರೆ ಅದು ಸಣ್ಣ ಮಾತಲ್ಲ. ಡಾಕ್ಟರರನ್ನು ಕೇಳಿದೆವು. ಅವರು ಪರೀಕ್ಷೆ ಮಾಡಿ, ಆ ಸೀಟಿನ ವರ್ಣನೆಯನ್ನು ಆಸೆಯಿಂದ ಕೇಳಿ, ದೂರ ದೂರ ಬೇಡ, ನಡುನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ ಎಂದರು. ಗೇರು ಹಾಕುವ ಗೋಜಿಲ್ಲದ, ತಾನೇ ಬದಲಿಸಿಕೊಳ್ಳುವ ಕಾರು ಅದು. ಕಲಿಕೆಯ ಬೋರ್ಡು ಹಚ್ಚಿಕೊಂಡು ಊರ ಹೊರಗಿನ ಖಾಲಿ ಲೇಔಟಿನಲ್ಲಿ ಅಭ್ಯಾಸ ನಡೆಯಿತು. ಗುರುವಾಗಿ ನಾನು ಪೂರಾ ನಾಪಾಸು. ನಾನು "ಬ್ರೇಕ್, ಬ್ರೇಕ್" ಎಂದು ಕೂಗುವುದು, ಅವಳು ಕಾರು ನಿಲ್ಲಿಸಿ, ಒಂದನೆಯ ತರಗತಿಯ ಮಕ್ಕಳಿಗೆ ಹೇಳುವ ದನಿಯಲ್ಲಿ, "ಮಾಸ್ತರ, ಕೈ ಕಟ್ಟು, ಬಾಯಿ ಮುಚ್ಚು" ಎನ್ನುವುದು. ಪ್ರಾಥಮಿಕ ಶಾಲೆಯ ಟೀಚರರ ಮುಂದೆ ಹೈಸ್ಕೂಲಿನವರ ಆಟ ಎಲ್ಲಿ ನಡೆಯುತ್ತದೆ? ಲೈಸೆನ್ಸು ಬಂತು. ನನಗೆ ಬಡ್ತಿ ಸಿಕ್ಕಷ್ಟೇ ಸಂತೋಷವಾಯಿತು, ಕೆಲಸ ಹೋದಷ್ಟು ಬೇಸರವೂ ಆಯಿತು.

ಮೊದಲ ದೊಡ್ಡ ಸವಾರಿ ಯಾವುದೆಂದು ಹೇಳಬೇಕಿಲ್ಲ. ಸುಗ್ಗಿ ಮುಗಿದ ಒಂದು ಮುಂಜಾನೆ ಬೆಂಗೇರಿ ಬಿಟ್ಟೆವು. ಧಾರವಾಡದಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದು ಚಹಾ ಕುಡಿದೆವು. ಅಲ್ಲಿಂದ ಮುಂದೆ ಎರೆಹೊಲಗಳ ನಡುವಿನ ರಸ್ತೆ. ಗಿರಿಜಾಳ ಕಣ್ಣೆಲ್ಲ ರಸ್ತೆಯ ಮೇಲೆ. ಕುಣಿ ಬಂದಲ್ಲಿ ತುಂಬಿದ ಕೊಡ ಹೊತ್ತವಳಂತೆ ಕಾರನ್ನು ಇಳಿಸಿ ಏರಿಸಿದಳು. ನಾನು ಪಕ್ಕದಲ್ಲಿ ಕೈ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು, ಕಡಲೆ ಕಿತ್ತ ಹೊಲಗಳನ್ನು ನೋಡುತ್ತ ಕೂತಿದ್ದೆ.

ಅಮ್ಮಿನಬಾವಿಯ ಮನೆಯ ಮುಂದೆ ಕಾರು ನಿಂತಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಮಗಳು ಬರುತ್ತಾಳೆಂಬುದಷ್ಟೇ ಅವರಿಗೆ ಗೊತ್ತು. ಗಿರಿಜಾ ಯಾವಾಗ ಬಂದರೂ, ಯಾವ ವಾಹನದಲ್ಲಿ ಬಂದರೂ, ನೋವಿನಿಂದ ಬಿಗಿದುಕೊಂಡ ಮಗಳನ್ನು ಅವರೇ ಕೈ ಹಿಡಿದು ಇಳಿಸಿಕೊಳ್ಳಬೇಕಿತ್ತು. ಆ ರೂಢಿಯಂತೆ ಎದ್ದರು. ಮಂಡಿ ಹಿಡಿದುಕೊಂಡು, ಸೆರಗು ಹೊದ್ದುಕೊಂಡು, ಅವಸರ ಅವಸರವಾಗಿ ಮುಂದಿನ ಎಡಗಡೆಯ ಬಾಗಿಲಿಗೆ ಬಂದರು. ಬಾಗಿಲು ತೆಗೆದು, ಒಳಗೆ ನೋಡುವ ಮುಂಚೆಯೇ ಎರಡೂ ಕೈ ಚಾಚಿ, "ಸಾವಕಾಶ ಇಳೀಯವ್ವಾ ನನ್ನ ತಾಯಿ, ಸಾವಕಾಶ" ಎಂದರು.

ಒಳಗೆ ನಾನಿದ್ದೆ.

ಅತ್ತೆ ನನ್ನನ್ನು ನೋಡಿದರು. ನನ್ನಾಚೆ, ಸ್ಟಿಯರಿಂಗಿನ ಹಿಂದೆ ನೆಟ್ಟಗೆ ಕೂತು ನಗುತ್ತಿದ್ದ ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕಣ್ಣು ತುಂಬಿ ಬಂತು. ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಮಾತ್ರ ಅವರಿಗೆ ನೆನಪಾಗಲಿಲ್ಲ.

ನನ್ನ ಬೆನ್ನಿಗೆ ಏನೂ ಆಗಿಲ್ಲ. ದೇವರ ದಯೆ, ಗಟ್ಟಿಯಾಗಿದೆ. ಆದರೂ ಆ ಎರಡು ಕೈಗಳನ್ನು ಹಿಡಿದುಕೊಂಡು ನಾನು ಸಾವಕಾಶ ಇಳಿದೆ.